ಬಾಯಿಪಾಠದಿಂದ ಪಟ್ಟಿ ಚಿತ್ರದವರೆಗೆ: ಲೆಕ್ಕ ಕಲಿಸುವ ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

ಶಾಲೆಯ ಗಣಿತವನ್ನು ಹೇಗೆ ಕಲಿಸಬೇಕು ಅನ್ನುವ ಜಗಳ ನೂರು ವರ್ಷದಿಂದ ನಡೆದೇ ಇದೆ. 1920ರ ದಶಕದಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರ ಪ್ರಭಾವದಿಂದ, ಮಾಡಿಸಿದ್ದನ್ನೇ ಮತ್ತೆ ಮತ್ತೆ ಮಾಡಿಸುವುದೇ ಕಲಿಕೆ ಎಂದಾಯಿತು. 1960ರ ದಶಕದಲ್ಲಿ ಗಣಗಳು, ಅಂದರೆ ವಸ್ತುಗಳ ಗುಂಪುಗಳ ಗಣಿತ, ಬಂದವು. 1970ರ ದಶಕದಲ್ಲಿ ಅದು ಬೇಡವೆನಿಸಿ ಮತ್ತೆ ಹಳೆಯ ಕೂಡು-ಕಳೆಗೆ ವಾಪಸ್. 1989ರ ಆಚೆ, ಮಕ್ಕಳೇ ದಾರಿ ಕಂಡುಕೊಳ್ಳಲಿ ಎಂಬ ಮಾತು ಜೋರಾಯಿತು. ಈಗ ಚಿತ್ರ, ಪಟ್ಟಿ (ಲೆಕ್ಕದ ಸಂಖ್ಯೆಗಳನ್ನು ಡಬ್ಬಿಗಳ ಸಾಲಾಗಿ ಬರೆಯುವುದು), ಆಪ್.

ಎರಡನೇ ತರಗತಿಯಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ಈ ಪದ್ಧತಿಗಳನ್ನೆಲ್ಲ ಬೇರೆ ಬೇರೆ ಗುಂಪುಗಳಿಗೆ ಕಲಿಸಿ ನೋಡಿದ್ದೇನೆ. ಕಲಿಸಿದ ದಿನ ಯಾವ ಪದ್ಧತಿಯಾದರೂ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ತಿಂಗಳು ಬಿಟ್ಟು ಅದೇ ಲೆಕ್ಕ ಕೊಟ್ಟಾಗ ನಿಜ ಗೊತ್ತಾಗುತ್ತದೆ. ಮಗು ಹೆಜ್ಜೆ ಮರೆತಿರುತ್ತದೆ, ಅದು ಸಹಜ. ಆಗ ಏನು ಮಾಡುತ್ತದೆ? ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡುತ್ತದಾ, ಇಲ್ಲ ತಾನೇ ಏನೋ ಗೀಚಿ ದಾರಿ ಹುಡುಕುತ್ತದಾ? ನಾನು ಪದ್ಧತಿಗಳನ್ನು ತೂಗುವುದು ಇದರಿಂದಲೇ. ವೇಗ, ಅಂಕ ಎಲ್ಲ ಆಮೇಲೆ.

ಕಳೆಯುವ ಲೆಕ್ಕ: ಮೂರು ದಾರಿ

52ರಿಂದ 27 ಕಳೆಯಬೇಕು. ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಪಕ್ಕದ ಮನೆಯಿಂದ ಸಾಲ ತರುವ ರೀತಿ. 2ರಲ್ಲಿ 7 ಹೋಗುವುದಿಲ್ಲ, 5ರಿಂದ ಒಂದು ಹತ್ತು ತಂದರೆ 12. ಹನ್ನೆರಡರಲ್ಲಿ ಏಳು ಹೋದರೆ 5. ಉಳಿದ 4ರಲ್ಲಿ 2 ಹೋದರೆ 2. ಉತ್ತರ 25.

ಇದಕ್ಕೆ ಹಳೆಯ ಎದುರಾಳಿ ಒಂದಿದೆ. ಮೇಲಿನ 2ಕ್ಕೆ ಹತ್ತು ಸೇರಿಸು, ಕೆಳಗಿನ ಹತ್ತರ ಮನೆಗೆ ಒಂದು ಸೇರಿಸು. 12ರಲ್ಲಿ 7 ಹೋದರೆ 5, 5ರಲ್ಲಿ 3 ಹೋದರೆ 2. ಎರಡೂ ಸಂಖ್ಯೆಗೆ ಹತ್ತು ಕೂಡಿದರೆ ವ್ಯತ್ಯಾಸ ಬದಲಾಗುವುದಿಲ್ಲ ಎಂಬುದು ಇದರ ಗುಟ್ಟು. ಬಹಳ ದೇಶಗಳಲ್ಲಿ ಒಂದು ಕಾಲಕ್ಕೆ ಇದೇ ನಡೆಯುತ್ತಿತ್ತು.

ಈ ಎರಡನ್ನೂ 1949ರಲ್ಲಿ ಅಮೆರಿಕದ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ ಮೂರನೇ ತರಗತಿಯ ಮಕ್ಕಳ ಮೇಲೆ ಹೋಲಿಸಿ ನೋಡಿದರು. ಎರಡನ್ನೂ ಎರಡೆರಡು ರೀತಿಯಲ್ಲಿ ಕಲಿಸಿದರು: ಒಂದು, ಯಾಕೆ ಹಾಗೆ ಎಂದು ಹೇಳಿ; ಇನ್ನೊಂದು, ಸುಮ್ನೆ ಹೆಜ್ಜೆ ಮಾಡಿಸಿ. ಅರ್ಥ ಹೇಳಿ ಕಲಿಸಿದಾಗ ಸಾಲ ತರುವ ರೀತಿ ಗೆದ್ದಿತು. ಅರ್ಥ ಬಿಟ್ಟು ಕಲಿಸಿದಾಗ ಅದರ ಮೇಲುಗೈ ಉಳಿಯಲಿಲ್ಲ.

ನನ್ನ ಮಕ್ಕಳಲ್ಲೂ ಇದನ್ನೇ ಕಂಡೆ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಕೊಡುತ್ತೇನೆ. ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬಿಡಿ ಕೊಡು ಎಂದರೆ ಮಗು ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಆ ರಬ್ಬರ್ ಬಿಚ್ಚಿದ ನೆನಪು ಕೈಯಲ್ಲಿ ಉಳಿಯುತ್ತದೆ. ತಿಂಗಳಾದ ಮೇಲೆ ಮರೆತರೂ, ಪುಸ್ತಕದ ಅಂಚಿನಲ್ಲಿ ಐದು ಉದ್ದ ಗೆರೆ ಎಳೆದು ಒಂದನ್ನು ಹೊಡೆದು ಹಾಕಿ ಹತ್ತು ಚುಕ್ಕೆ ಇಡುತ್ತದೆ. ಹತ್ತು ಸೇರಿಸಿ ಒಂದು ಸೇರಿಸುವ ರೀತಿ ಕಲಿತ ಮಕ್ಕಳು ವೇಗವಾಗಿ ಮಾಡುತ್ತಾರೆ. ಮರೆತಾಗ ಮಾತ್ರ ಪೂರ್ತಿ ಮರೆಯುತ್ತಾರೆ. ಒಂದನ್ನು ಮೇಲೆ ಸೇರಿಸಬೇಕಾ, ಕೆಳಗೆ ಸೇರಿಸಬೇಕಾ ಎಂದು ನೆನಪಿಸಿಕೊಳ್ಳಲು ಅವರ ಬಳಿ ಏನೂ ಇರುವುದಿಲ್ಲ.

ಆದರೆ 5003 − 1468 ಕೊಟ್ಟು ನೋಡಿ. ಸಾಲ ಕೊಡಬೇಕಾದ ಮನೆಯಲ್ಲಿ ಸೊನ್ನೆ, ಅದರ ಪಕ್ಕದ ಮನೆಯಲ್ಲೂ ಸೊನ್ನೆ. ಹೊಡೆದು ಬರೆದು ಹಾಳೆ ಕಪ್ಪಾಗುತ್ತದೆ. ಇಲ್ಲಿ ನನಗೆ ಇಷ್ಟವಾದದ್ದು ಮೂರನೇ ದಾರಿ, ಕಳೆಯುವ ಬದಲು ಮೇಲಕ್ಕೆ ಎಣಿಸುವುದು. 1468ರಿಂದ 1500ಕ್ಕೆ 32. ಅಲ್ಲಿಂದ 5000ಕ್ಕೆ 3500. ಆಮೇಲೆ 3. ಒಟ್ಟು 3535. ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವ ಲೆಕ್ಕವೇ ಇದು. ಇದನ್ನು ಬಹಳ ಕಾಲ ಶಾಲೆಗಳು ಸರಿಯಾದ ವಿಧಾನವೆಂದು ಒಪ್ಪಿರಲಿಲ್ಲ. ಸಂಖ್ಯಾರೇಖೆಯ ಮೇಲೆ ಜಿಗಿತ ತೋರಿಸುವ ಹೊಸ ಪಠ್ಯಗಳು ಇದಕ್ಕೆ ಗೌರವ ಕೊಟ್ಟವು. ಒಳ್ಳೆಯದೇ ಆಯಿತು.

1960ರ ದಶಕದ ಹೊಸ ಗಣಿತ

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕ ಬೆಚ್ಚಿತು. ಮರುವರ್ಷವೇ ಎಡ್ವರ್ಡ್ ಬೆಗಲ್ ಎಂಬ ಗಣಿತಜ್ಞರ ಮುಂದಾಳತ್ವದಲ್ಲಿ ಶಾಲಾ ಗಣಿತವನ್ನು ಹೊಸದಾಗಿ ಬರೆಯುವ ತಂಡ ಶುರುವಾಯಿತು. ಯುರೋಪಿನಲ್ಲೂ ಅದೇ ಗಾಳಿ. 1959ರಲ್ಲಿ ಫ್ರಾನ್ಸಿನ ರಾಯೋಮಾಂಟ್‌ನಲ್ಲಿ ನಡೆದ ಸಭೆಯಲ್ಲಿ ಝಾನ್ ದ್ಯೂದೊನೆ ಎಂಬ ಗಣಿತಜ್ಞರು ಹಳೆಯ ಗ್ರೀಕ್ ರೇಖಾಗಣಿತದ ಯೂಕ್ಲಿಡ್‌ನನ್ನೇ ಪಾಠದಿಂದ ಹೊರಗೆ ಹಾಕಿ ಎಂದು ಕರೆ ಕೊಟ್ಟರು. ಗಣ, ಉಪಗಣ, ಪರಿವರ್ತನೀಯ ನಿಯಮ, ಹತ್ತನ್ನು ಬಿಟ್ಟು ಬೇರೆ ಆಧಾರದ ಸಂಖ್ಯೆಗಳು, ಇವೆಲ್ಲ ಸಣ್ಣ ಮಕ್ಕಳ ಪುಸ್ತಕಕ್ಕೂ ಬಂದವು.

ಏಳೆಂಟು ವರ್ಷದ ಮಕ್ಕಳಿಗೆ ಇದನ್ನು ಹೇಳಿಕೊಟ್ಟಾಗ ಆದದ್ದು ಇಷ್ಟೇ: ಹೂವಿನ ಆವರಣ ಚಿಹ್ನೆಯನ್ನು ಅಂದವಾಗಿ ಬರೆಯಲು ಕಲಿತರು. 3 + 5 ಮತ್ತು 5 + 3 ಒಂದೇ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೊಂದು ಉದ್ದ ಹೆಸರು ಸಿಕ್ಕಿತು ಅಷ್ಟೇ. ಹೆಸರು ಕಲಿತದ್ದರಿಂದ ಯಾವ ಲೆಕ್ಕವೂ ಸುಲಭವಾಗಲಿಲ್ಲ.

ಆದರೆ ಬೇರೆ ಆಧಾರದ ಸಂಖ್ಯೆಗಳನ್ನು ಆರು, ಏಳನೇ ತರಗತಿಯಲ್ಲಿ ಇಟ್ಟರೆ ಕಥೆಯೇ ಬೇರೆ. ಐದಕ್ಕೊಂದು ಕಟ್ಟು ಎಂದುಕೊಳ್ಳಿ. ಆಗ 34 ಎಂದು ಬರೆದರೆ ಮೂರು ಕಟ್ಟು ಮತ್ತು ನಾಲ್ಕು ಬಿಡಿ, ಅಂದರೆ ಹತ್ತೊಂಬತ್ತು. 23 ಎಂದರೆ ಹದಿಮೂರು. ಎರಡನ್ನೂ ಕೂಡಿದರೆ 112 ಎಂದು ಬರೆಯಬೇಕು. ಒಂದು ಇಪ್ಪತ್ತೈದು, ಒಂದು ಐದು, ಎರಡು ಬಿಡಿ. ಮೂವತ್ತೆರಡು, ಸರಿ ಹೋಯಿತು. ಇದನ್ನು ಮಾಡಿ ಮುಗಿಸಿದ ಹುಡುಗಿಯೊಬ್ಬಳು ತುಂಬಾ ಹೊತ್ತು ಬೋರ್ಡು ನೋಡುತ್ತಾ ಕೂತಿದ್ದಳು. ಆಮೇಲೆ ಕೇಳಿದಳು: "ಸಾರ್, ಹಾಗಾದ್ರೆ ಹತ್ತು ಅನ್ನೋದು ನಾವು ಮಾಡ್ಕೊಂಡ ಒಪ್ಪಂದ ಅಷ್ಟೇನಾ?" ಸ್ಥಾನಬೆಲೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ದಶಮಾಂಶದ ಲೆಕ್ಕದಲ್ಲಿ ತಪ್ಪುತ್ತಿದ್ದ ಮಕ್ಕಳು ಕೂಡ ಇದಾದ ಮೇಲೆ ಚೇತರಿಸಿಕೊಂಡರು.

1970ರ ದಶಕದ ನಡುವಿಗೆ ಹೊಸ ಗಣಿತ ಹಿಂದೆ ಸರಿಯಿತು. ಅದನ್ನು ಪೂರ್ತಿ ಕಸಕ್ಕೆ ಹಾಕಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅದರ ವಿಷಯದಲ್ಲಿ ದೋಷ ಕಡಿಮೆ. ತಪ್ಪು ವಯಸ್ಸಿನ ಮಕ್ಕಳ ಮುಂದೆ ಇಟ್ಟರು. ಜೊತೆಗೆ ಶಿಕ್ಷಕರನ್ನು ಸರಿಯಾಗಿ ತಯಾರು ಮಾಡಲಿಲ್ಲ.

ಕಡ್ಡಿ, ಚೌಕ, ಪಟ್ಟಿ

ಬೆಲ್ಜಿಯಂನ ಶಾಲಾ ಮೇಷ್ಟ್ರು ಜಾರ್ಜ್ ಕ್ವಿಸೆನೇರ್ ಬಣ್ಣದ ಕಡ್ಡಿಗಳನ್ನು ಮಾಡಿದರು. ಒಂದು ಸೆಂಟಿಮೀಟರಿನ ಬಿಳಿ ಕಡ್ಡಿಯಿಂದ ಹತ್ತು ಸೆಂಟಿಮೀಟರಿನ ಕಿತ್ತಳೆ ಕಡ್ಡಿವರೆಗೆ. 1950ರ ದಶಕದಲ್ಲಿ ಕೇಲಬ್ ಗಟೇನ್ಯೋ ಎಂಬ ಶಿಕ್ಷಣತಜ್ಞರು ಅದನ್ನು ಊರೂರಿಗೆ ಒಯ್ದರು. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್, ಕಲಿಕೆ ಮೊದಲು ಕೈಯಲ್ಲಿ, ಆಮೇಲೆ ಚಿತ್ರದಲ್ಲಿ, ಕೊನೆಗೆ ಚಿಹ್ನೆಯಲ್ಲಿ ಎಂದರು. 1980ರ ದಶಕದಲ್ಲಿ ಸಿಂಗಪುರ ಈ ಮಾತನ್ನೇ ಹಿಡಿದು ಇಡೀ ಪಠ್ಯವನ್ನು ಕಟ್ಟಿತು. 1995ರ ಅಂತರರಾಷ್ಟ್ರೀಯ ಗಣಿತ ಪರೀಕ್ಷೆಯಲ್ಲಿ ಆ ಪುಟ್ಟ ದೇಶ ಎಲ್ಲರಿಗಿಂತ ಮುಂದೆ ಬಂದಾಗ ಜಗತ್ತು ಅತ್ತ ತಿರುಗಿ ನೋಡಿತು.

ನಾನು ತೂಗಿದ್ದರಲ್ಲಿ ಅತಿ ಹೆಚ್ಚು ಉಳಿದದ್ದು ಇದೇ. ವಾಕ್ಯದ ಲೆಕ್ಕಗಳಲ್ಲಂತೂ ಇದಕ್ಕೆ ಸರಿಸಾಟಿ ಇಲ್ಲ. ಒಂದು ಲೆಕ್ಕ ನೋಡಿ. ಅಕ್ಕನ ಬಳಿ ತಮ್ಮನಿಗಿಂತ ಮೂರು ಪಟ್ಟು ಗೋಲಿಗಳಿವೆ. ಇಬ್ಬರದೂ ಸೇರಿ 48. ಅಕ್ಕ ತಮ್ಮನಿಗೆ ಎಷ್ಟು ಕೊಟ್ಟರೆ ಇಬ್ಬರ ಬಳಿಯೂ ಸಮನಾಗುತ್ತದೆ?

ಹಳೆಯ ರೀತಿಯಲ್ಲಿ ಕಲಿತ ಮಗು ಮೊದಲು ವಾಕ್ಯದಲ್ಲಿ ಸುಳಿವು ಹುಡುಕುತ್ತದೆ. 'ಪಟ್ಟು' ಎಂದಿದೆ, ಗುಣಿಸೋಣ. 'ಸೇರಿ' ಎಂದಿದೆ, ಕೂಡೋಣ. 48 × 3 ಎಂದು ಬರೆದು 144 ತಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಒಟ್ಟು ಗೋಲಿ ಇರುವುದೇ 48, ಅದಕ್ಕಿಂತ ಜಾಸ್ತಿ ಕೊಡುವುದು ಹೇಗೆ ಎಂಬ ಅನುಮಾನವೂ ಬರುವುದಿಲ್ಲ. ಬೀಜಗಣಿತ ಕಲಿತ ಎಂಟನೇ ತರಗತಿಯವರು ತಮ್ಮನದು x, ಅಕ್ಕನದು 3x ಎಂದು ಹಾಕಿ x ಎಂದರೆ 12 ಎಂಬಲ್ಲಿಗೆ ಬಂದು, ಮುಂದೇನು ಎಂದು ಯೋಚಿಸುತ್ತಾರೆ.

ಪಟ್ಟಿ ಕಲಿತ ಮಗು ಅಕ್ಕನಿಗೆ ಮೂರು ಡಬ್ಬಿ ಬರೆಯುತ್ತದೆ. ಅದರ ಕೆಳಗೆ ತಮ್ಮನಿಗೆ ಒಂದು. ಒಟ್ಟು ನಾಲ್ಕು ಡಬ್ಬಿ, 48 ಗೋಲಿ. ಡಬ್ಬಿಗೆ 12. ಅಕ್ಕನ ಒಂದು ಡಬ್ಬಿ ಕೆಳಗೆ ಬಂದರೆ ಎರಡು, ಎರಡು. ಉತ್ತರ 12. ಮೂರನೇ ಡಬ್ಬಿಯಿಂದ ಕೆಳಗಿನ ಸಾಲಿಗೆ ಬಾಣ ಎಳೆಯುವಾಗ ಆ ಮುಖದಲ್ಲಿ ಕಾಣುವ ಖುಷಿ ನನಗೆ ಈ ಕೆಲಸದ ದೊಡ್ಡ ಸಂಬಳ. ಎಂಟನೇ ತರಗತಿಗೆ ಹೋದಾಗ ಆ ಡಬ್ಬಿಗೇ x ಎಂದು ಹೆಸರಿಟ್ಟರೆ ಆಯಿತು. ಅರ್ಧ ಬೀಜಗಣಿತ ಆಗಲೇ ಬಂದಿರುತ್ತದೆ.

ಗುಣಾಕಾರದಲ್ಲಿ ಹೋಲಿಕೆ ಇನ್ನೂ ಸ್ಪಷ್ಟ. 23 × 14. ಹಳೆಯ ರೀತಿ: ಮೇಲಿನ ಸಾಲು 92, ಕೆಳಗಿನ ಸಾಲನ್ನು ಒಂದು ಮನೆ ಎಡಕ್ಕೆ ಸರಿಸಿ 23, ಒಟ್ಟು 322. ಆ ಸರಿಸುವುದನ್ನು ಮರೆತರೆ 115. ತಪ್ಪು ಬಂದದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆ 23 ನಿಜಕ್ಕೂ 230 ಎಂದು ಅದಕ್ಕೆ ಯಾರೂ ಹೇಳಿಲ್ಲ. ಚೌಕದ ರೀತಿಯಲ್ಲಿ ಒಂದು ಆಯತ ಬರೆದು, ಒಂದು ಬದಿಗೆ 20 ಮತ್ತು 3, ಇನ್ನೊಂದು ಬದಿಗೆ 10 ಮತ್ತು 4 ಎಂದು ಹಂಚಿ, ನಾಲ್ಕು ಕೋಣೆ ತುಂಬುತ್ತಾರೆ: 200, 80, 30, 12. ಇಲ್ಲಿ 115 ಬರಲು ದಾರಿಯೇ ಇಲ್ಲ. ಮೊದಲ ಕೋಣೆಯೇ 200. ಮುಂದೆ (x + 3)(x + 4) ಬಂದಾಗಲೂ ಇದೇ ಚಿತ್ರ ಸಾಕು.

ಕೊರತೆ ಇಲ್ಲವೇ? ಇದೆ. ನಿಧಾನ. ಮೂರಂಕಿ ಗುಣಿಸು ಮೂರಂಕಿ ಬಂದರೆ ಒಂಬತ್ತು ಕೋಣೆ, ಕೂಡುವಾಗ ತಪ್ಪು. ಹಾಗಾಗಿ ಚೌಕ ಚೆನ್ನಾಗಿ ಬಂದ ಮೇಲೆ ಹಳೆಯ ಎರಡು ಸಾಲಿನ ರೀತಿಗೆ ದಾಟಿಸಲೇಬೇಕು. ಚೌಕದಲ್ಲೇ ನಿಲ್ಲಿಸಿಬಿಡುವ ಪಠ್ಯಗಳನ್ನು ನಾನು ಒಪ್ಪುವುದಿಲ್ಲ.

ಭಿನ್ನರಾಶಿ: ತಲೆಕೆಳಗು ಮಾಡಿ ಗುಣಿಸು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮಕ್ಕಳು ಗಣಿತದ ಕೈ ಬಿಡುವುದು ಇಲ್ಲೇ. 3/4 ÷ 1/8. ಹಳೆಯ ಸೂತ್ರ: ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು. 3/4 × 8, ಉತ್ತರ 6. ಮೂರು ಸೆಕೆಂಡಿನ ಕೆಲಸ. ತಿಂಗಳಾದ ಮೇಲೆ ಅದೇ ಮಗು ಮೊದಲನೆಯದನ್ನು ತಲೆಕೆಳಗು ಮಾಡುತ್ತದೆ. 4/3 × 1/8, ಉತ್ತರ 1/6. ಎರಡು ಉತ್ತರದಲ್ಲಿ ಯಾವುದು ಸರಿ ಎಂದು ಕೇಳಿದರೆ ಗೊತ್ತಿಲ್ಲ. ಊಹಿಸಲೂ ಆಗುವುದಿಲ್ಲ.

1999ರಲ್ಲಿ ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿ ಬರೆದರು. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೊಂದು ಕಥೆ ಹೇಳಿ ಎಂದು ಕೇಳಿದ್ದರು. ಅಮೆರಿಕದ ಶಿಕ್ಷಕರಲ್ಲಿ ಅರ್ಧದಷ್ಟು ಜನಕ್ಕೂ ಲೆಕ್ಕ ಸರಿ ಬರಲಿಲ್ಲ. ಕಥೆ ಹೇಳಲು ಹೋದವರಲ್ಲಿ ಹಲವರು ಅರ್ಧದಿಂದ ಭಾಗಿಸುವುದರ ಬದಲು ಇಬ್ಬರಿಗೆ ಹಂಚಿಬಿಟ್ಟರು. ಕಲಿಸುವವರಿಗೇ ಹೀಗಾದರೆ ಮಕ್ಕಳ ಪಾಡೇನು ಹೇಳಿ.

ಅರ್ಥದ ದಾರಿ ಸರಳ. ಮುಕ್ಕಾಲಿನಲ್ಲಿ ಎಷ್ಟು ಎಂಟನೇ ಒಂದುಗಳಿವೆ? ಕಾಗದದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಮೂರು ಭಾಗಕ್ಕೆ ಬಣ್ಣ ಹಚ್ಚಿ, ಮತ್ತೆ ಅರ್ಧಕ್ಕೆ ಮಡಿಸಿ ಬಿಚ್ಚಿದರೆ ಬಣ್ಣದ ಆರು ತುಂಡು ಕಣ್ಣೆದುರಿಗೇ ಇರುತ್ತವೆ. 2/3 ÷ 3/4 ಬಂದಾಗ ಮಡಿಸುವುದು ಕಷ್ಟ. ಆಗ ಎರಡನ್ನೂ ಹನ್ನೆರಡನೇ ಭಾಗಗಳಲ್ಲಿ ಬರೆಸುತ್ತೇನೆ: 8/12 ಮತ್ತು 9/12. ಎಂಟರಲ್ಲಿ ಒಂಬತ್ತು ಎಷ್ಟು ಪಾಲು ಹಿಡಿಸುತ್ತದೆ? 8/9. ಒಂದಕ್ಕಿಂತ ಸ್ವಲ್ಪ ಕಡಿಮೆ ಎಂದು ಮಗು ಮೊದಲೇ ಹೇಳಿರುತ್ತದೆ. ಇದನ್ನು ಸಾಕಷ್ಟು ಸಲ ಮಾಡಿದ ಮೇಲೆ, ತಲೆಕೆಳಗು ಮಾಡಿದರೂ ಇದೇ ಬರುತ್ತದಲ್ವಾ ಎಂದು ಮಕ್ಕಳೇ ಹೇಳುತ್ತಾರೆ. ಆಗ ಸೂತ್ರ ಕೊಡುತ್ತೇನೆ. ಈ ಕ್ರಮದಲ್ಲಿ ಕಲಿತವರು ಸೂತ್ರ ಮರೆತರೆ ಹನ್ನೆರಡನೇ ಭಾಗಕ್ಕೆ ವಾಪಸ್ ಹೋಗುತ್ತಾರೆ. ಪೆನ್ಸಿಲ್ ಕೆಳಗಿಡುವುದಿಲ್ಲ.

ಮಕ್ಕಳೇ ಕಂಡುಕೊಳ್ಳಲಿ

1989ರಲ್ಲಿ ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಸಂಘ ಹೊಸ ಮಾನದಂಡಗಳನ್ನು ಹೊರತಂದಿತು. ಬಾಯಿಪಾಠ ಕಡಿಮೆ ಮಾಡಿ, ಸಮಸ್ಯೆ ಬಿಡಿಸುವುದಕ್ಕೆ ಒತ್ತು ಕೊಡಿ, ಕ್ಯಾಲ್ಕುಲೇಟರ್ ಬಳಸಲು ಬಿಡಿ ಎಂದಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಾಗಿ ಗಣಿತ ಯುದ್ಧವೇ ನಡೆಯಿತು.

48 + 37ನ್ನು ನಿಮಗೆ ತೋಚಿದಂತೆ ಮಾಡಿ ಎಂದು ಬಿಟ್ಟಾಗ ಚಂದದ ದಾರಿಗಳು ಬರುತ್ತವೆ. ಒಬ್ಬ 50 + 35 ಮಾಡುತ್ತಾನೆ. ಇನ್ನೊಬ್ಬಳು 40 + 30, 8 + 7. ಆದರೆ ಗುಂಪಿನಲ್ಲಿ ಮಾತಾಡುವ ಇಬ್ಬರು ಎಲ್ಲವನ್ನೂ ಕಂಡುಹಿಡಿಯುತ್ತಾರೆ, ಸುಮ್ಮನಿರುವ ಮಕ್ಕಳು ಅದನ್ನು ನಕಲು ಮಾಡುತ್ತಾರೆ. ಕೂಡುವುದು ಕಳೆಯುವುದು ಸಲೀಸಾಗಿ ಬರುವ ಮಕ್ಕಳಿಗೆ ಈ ಪದ್ಧತಿ ಹಬ್ಬ. ಬರದ ಮಕ್ಕಳಿಗೆ ಇದು ಬರೀ ಗೊಂದಲ, ಮತ್ತು ತಾನು ದಡ್ಡ ಎಂಬ ಭಾವನೆಯನ್ನು ಗಟ್ಟಿ ಮಾಡುತ್ತದೆ. ಅದು ನನಗೆ ತುಂಬಾ ಬೇಸರ ತರುವ ವಿಷಯ.

ಜಪಾನಿನ ತರಗತಿಗಳ ರೀತಿ ಇದಕ್ಕಿಂತ ಮೇಲು. ಇಡೀ ಅವಧಿಗೆ ಒಂದೇ ಸಮಸ್ಯೆ. ಮಕ್ಕಳು ಮೊದಲು ತಾವೇ ಗುದ್ದಾಡುತ್ತಾರೆ. ಶಿಕ್ಷಕರು ಓಡಾಡುತ್ತಾ ಯಾರು ಏನು ಬರೆದಿದ್ದಾರೆ ನೋಡಿ, ಯಾವ ಉತ್ತರ ಮೊದಲು ಬೋರ್ಡಿಗೆ ಬರಬೇಕೆಂದು ಆರಿಸುತ್ತಾರೆ. ಕೊನೆಗೆ ಎಲ್ಲವನ್ನೂ ಹೊಲಿದು ನಿಯಮ ಹೇಳುತ್ತಾರೆ. ಸುಮ್ಮನಿರುವ ಮಗುವಿನ ಪುಸ್ತಕದಲ್ಲಿರುವ ಅರೆಬರೆ ದಾರಿಯನ್ನೇ ಮೊದಲು ಬೋರ್ಡಿಗೆ ತಂದು ನೋಡಿದ್ದೇನೆ. ತರಗತಿಯ ಹವಾ ಬದಲಾಗುತ್ತದೆ.

ಮಗ್ಗಿ ಬೇಕೇ ಬೇಕು

ಇಷ್ಟೆಲ್ಲ ಹೇಳಿದ ಮೇಲೂ ಮಗ್ಗಿಯ ವಿಷಯದಲ್ಲಿ ನಾನು ಹಳೆಯವರ ಪಕ್ಷ. 7 × 8 ಎಂದರೆ 56 ಎಂದು ತಟ್ಟನೆ ಬರದಿದ್ದರೆ, ಭಿನ್ನರಾಶಿ ಮಾಡುವಾಗ ಮಗುವಿನ ಗಮನವೆಲ್ಲ ಗುಣಿಸುವುದರಲ್ಲೇ ಖರ್ಚಾಗುತ್ತದೆ. ಯೋಚನೆಗೆ ಜಾಗ ಉಳಿಯುವುದಿಲ್ಲ.

ಆದರೆ ರಾಗವಾಗಿ ಹೇಳಿಸುವುದಷ್ಟೇ ಸಾಲದು. ಏಳೆಂಟಲಿ ಎಷ್ಟು ಎಂದರೆ ಏಳೊಂದ್ಲಿಯಿಂದ ಶುರು ಮಾಡಿ, ಮೇಜಿನ ಕೆಳಗೆ ಬೆರಳು ಮಡಚುತ್ತಾ ಬರುವ ಮಕ್ಕಳು ಬಹಳ. ನಾನು ಮೊದಲು ಪಟ್ಟಿಯನ್ನು ಕಿರಿದು ಮಾಡುತ್ತೇನೆ. ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಲಬ್ಧಗಳು. 7 × 8 ಮತ್ತು 8 × 7 ಒಂದೇ ಎಂದರೆ 55. ಒಂದು, ಎರಡು, ಐದು, ಹತ್ತರ ಮಗ್ಗಿ ಎಲ್ಲರಿಗೂ ಬರುತ್ತದೆ, ತೆಗೆಯಿರಿ. ಉಳಿಯುವುದು 21. ಇಷ್ಟೇನಾ ಎಂದು ಮಕ್ಕಳಿಗೇ ಆಶ್ಚರ್ಯ. ಆ 21ನ್ನು ಚೀಟಿಯಲ್ಲಿ ಬರೆದು, ಕಲಸಿ, ದಿನಾ ಐದು ನಿಮಿಷ ಕೇಳುತ್ತೇನೆ.

ಆಪ್‌ಗಳಲ್ಲಿ ಇದನ್ನೇ ಮಾಡಿಸಿ ನೋಡಿದೆ. ಗಡಿಯಾರ ಓಡುವ ಆಟಗಳಲ್ಲಿ ಮಕ್ಕಳು ಬೇಗ ಊಹಿಸಲು ಕಲಿಯುತ್ತಾರೆ, ನಾಲ್ಕು ಆಯ್ಕೆಯಲ್ಲಿ ಒಂದನ್ನು ಒತ್ತುತ್ತಾರೆ. ಗಡಿಯಾರ ಇಲ್ಲದ, ಉತ್ತರವನ್ನು ತಾನೇ ಬರೆಯಬೇಕಾದ ಆಪ್ ಪರವಾಗಿಲ್ಲ. ಚೀಟಿಗಿಂತ ಮೇಲು ಎಂದು ಹೇಳಲಾರೆ.

ಮನೆಯಲ್ಲಿ ಹೇಳಿಕೊಡುವವರಿಗೆ ಒಂದು ಮಾತು. ಶಾಲೆಯ ಪುಸ್ತಕದಲ್ಲಿ ಡಬ್ಬಿ, ಚೌಕ ನೋಡಿ ಇದೆಂಥ ಲೆಕ್ಕ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಮಗುವಿನ ಎದುರಿಗೆ ಹೇಳಬೇಡಿ. 1960ರ ದಶಕದ ಅಪ್ಪ ಅಮ್ಮಂದಿರೂ ಇದನ್ನೇ ಹೇಳಿದ್ದರು. ನಿಮ್ಮ ರೀತಿಯನ್ನೂ ತೋರಿಸಿ, ಎರಡೂ ಉತ್ತರ ಯಾಕೆ ಒಂದೇ ಬಂತು ಎಂದು ಮಗುವನ್ನೇ ಕೇಳಿ. ಆ ಪ್ರಶ್ನೆಯಲ್ಲಿ ಒಂದು ಪೂರ್ತಿ ಪಾಠ ಇದೆ.

ಇನ್ನು ಉದ್ದ ಭಾಗಾಕಾರ. ಇಲ್ಲಿ ಎರಡು ರೀತಿಗಳು ನಿಜಕ್ಕೂ ಸಮಬಲ. 432 ÷ 16 ತೆಗೆದುಕೊಳ್ಳಿ. ಹೊಸ ರೀತಿಯಲ್ಲಿ ಗೊತ್ತಿರುವಷ್ಟನ್ನು ಮೊದಲು ತೆಗೆಯುತ್ತಾ ಹೋಗುತ್ತಾರೆ: ಹತ್ತು ಹದಿನಾರು 160, ಉಳಿದದ್ದು 272. ಇನ್ನೊಂದು ಹತ್ತು, 112. ಐದು ಹದಿನಾರು 80, ಉಳಿದದ್ದು 32. ಎರಡು ಹದಿನಾರು 32, ಸೊನ್ನೆ. ಒಟ್ಟು 27. ಮಗು ಮೊದಲ ಅಂದಾಜಿನಲ್ಲಿ ಎಡವಿದರೂ ಲೆಕ್ಕ ಕೆಡುವುದಿಲ್ಲ, ಇನ್ನೊಂದು ಸಾಲು ಜಾಸ್ತಿಯಾಗುತ್ತದೆ ಅಷ್ಟೇ. ಹಳೆಯ ರೀತಿಯಲ್ಲಿ ಮೊದಲ ಅಂಕಿ ತಪ್ಪಿದರೆ ಅಳಿಸಲೇಬೇಕು. ಆದರೆ 5 ÷ 7ನ್ನು ದಶಮಾಂಶದಲ್ಲಿ ಬಿಡಿಸುತ್ತಾ ಹೋದಾಗ ಶೇಷಗಳು 5, 1, 3, 2, 6, 4 ಎಂದು ಸುತ್ತಿ ಮತ್ತೆ 5ಕ್ಕೆ ಬರುವುದನ್ನು, ಹಾಗಾಗಿ ಉತ್ತರವೂ 0.714285 714285 ಎಂದು ಸುತ್ತುವುದನ್ನು ಹಳೆಯ ರೀತಿಯಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಬಹುಪದಗಳ ಭಾಗಾಕಾರಕ್ಕೂ ಅದೇ ಬೇಕು. ಹಾಗಾಗಿ ನಾಲ್ಕನೇ ತರಗತಿಗೆ ಹೊಸದು, ಆರನೇ ತರಗತಿಯಲ್ಲಿ ದಶಮಾಂಶ ಶುರುವಾದಾಗ ಹಳೆಯದು ಎಂದು ಕಲಿಸುತ್ತಿದ್ದೇನೆ.